ಬಾಗಿಲಿರುವ ಟಬ್ಬು, ಚಿಲಕವಿಲ್ಲದ ಬಚ್ಚಲು

ನಾಸಿಕ್ ರೋಡಿನ ನಮ್ಮ ಮನೆಯ ಬಚ್ಚಲಿನ ಚಿಲಕ ತೆಗೆಸಿದವರು ನನ್ನ ಯಜಮಾನರು. ನಾನು ದವಾಖಾನೆಯಿಂದ ಮನೆಗೆ ಬಂದ ಮರುದಿನವೇ ಬಡಗಿಯನ್ನು ಕರೆಸಿ ಒಳಗಿನ ಚಿಲಕ ಬಿಚ್ಚಿಸಿದರು. ಅದರ ತೂತುಗಳಿಗೆ ಪುಟ್ಟಿ ತುಂಬಿಸಿ ಬಣ್ಣವನ್ನೂ ಹಚ್ಚಿಸಿದರು. ಸೋರುವ ನಲ್ಲಿಯ ರಿಪೇರಿಯನ್ನು ತಿಂಗಳುಗಟ್ಟಲೆ ಮುಂದೂಡುವ ಮನುಷ್ಯ ಈ ಒಂದು ಕೆಲಸದಲ್ಲಿ ತೋರಿಸಿದ ಚುರುಕು ನೋಡಿ ನನಗೇ ಆಶ್ಚರ್ಯವಾಯಿತು.

"ಒಳಗ ಬಿದ್ದಿ ಅಂದ್ರ ಬಾಗಿಲಾ ಒಡೀಬೇಕಾಗ್ತದ," ಎಂದರು.

"ಬೀಳಲಿಕ್ಕ ಮೊದಲ ನಿಂದರಬೇಕಲ್ರಿ," ಎಂದೆ. ಅವರಿಗೆ ನಗು ಬರಲಿಲ್ಲ.

ಬೆನ್ನುಹುರಿಯಲ್ಲಿ ಬೆಳೆದಿದ್ದ ಗಡ್ಡೆಯನ್ನು ತೆಗೆದ ಮೇಲೆ ನನ್ನ ಕಾಲುಗಳು ಕೆಲಸ ಬಿಟ್ಟಿದ್ದವು. ಕೈ ಬಿಟ್ಟಿರಲಿಲ್ಲ, ಬಾಯಿಯಂತೂ ಇಲ್ಲವೇ ಇಲ್ಲ. ಮಂಚದಿಂದ ಗಾಲಿಕುರ್ಚಿಗೆ, ಕುರ್ಚಿಯಿಂದ ಮಂಚಕ್ಕೆ ನಾನೇ ಜರುಗುವುದನ್ನು ಕಲಿತಿದ್ದೆ. ಅಡುಗೆಮನೆಯಲ್ಲಿ ಕುಳಿತೇ ರೊಟ್ಟಿ ಬಡಿಯುತ್ತಿದ್ದೆ. ಬಚ್ಚಲಿಗೆ ಮಾತ್ರ ನನ್ನನ್ನು ಸಾಮಾನಿನ ಹಾಗೆ ಸಾಗಿಸಬೇಕಾಗಿತ್ತು. ಗಾಲಿಕುರ್ಚಿಯ ಆಸನ ನೀರು ಕುಡಿದು ಹಾಳಾಗುತ್ತದೆಂದು ನನ್ನನ್ನು ಎತ್ತಿ ಒಂದು ಪ್ಲಾಸ್ಟಿಕ್ ಸ್ಟೂಲಿನ ಮೇಲೆ ಕೂರಿಸುತ್ತಿದ್ದರು. ಬೆನ್ನಿಗೆ ಆಸರೆ ಇಲ್ಲದ ಸ್ಟೂಲು. ಹಾಗಾಗಿ ಯಾರಾದರೂ ಹಿಡಿದುಕೊಂಡಿರಬೇಕು.

ಹಿಡಿದುಕೊಳ್ಳುವವಳು ನನ್ನ ಮಗಳು. ಬ್ಯಾಂಕಿನಲ್ಲಿ ಕೆಲಸ, ಬೆಳಿಗ್ಗೆಯೇ ಬಸ್ಸು ಹಿಡಿಯಬೇಕು. ಕಿವಿಯಲ್ಲಿ ಇಯರ್‌ಫೋನು ಸಿಕ್ಕಿಸಿಕೊಂಡು ಯಾರೊಂದಿಗೋ ಮರಾಠಿಯಲ್ಲಿ ಮಾತಾಡುತ್ತ ನನ್ನ ಬೆನ್ನಿಗೆ ಸೋಪು ಹಚ್ಚುತ್ತಿದ್ದಳು. ಪಾತ್ರೆ ತೊಳೆಯುವಾಗಲೂ ಅವಳು ಹೀಗೆಯೇ ಮಾತಾಡುತ್ತಾಳೆ. ಅವಳಲ್ಲಿ ಪ್ರೀತಿ ಇಲ್ಲವೆಂದಲ್ಲ, ಬೇಕಾದಷ್ಟಿತ್ತು. ಆದರೆ ಹೆತ್ತ ಮಗಳ ಮುಂದೆ ದಿನಾ ಬೆಳಗಾದರೆ ಬೆತ್ತಲೆ ಕೂರುವುದು ಪ್ರೀತಿಯಿಂದ ಹಗುರಾಗುವ ಸಂಗತಿಯಲ್ಲ. ನಡುವೆ ಯಜಮಾನರು ಬಾಗಿಲು ತಳ್ಳಿ ಇಣುಕಿ, "ಎಲ್ಲಾ ಬರೋಬ್ಬರಿ ಅದ ಇಲ್ಲ?" ಎಂದು ಕೇಳಿ ಹೋಗುತ್ತಿದ್ದರು. ಸರ್ಕಾರದ ನೋಟು ಅಚ್ಚು ಹಾಕುವ ಪ್ರೆಸ್ಸಿನಲ್ಲಿ ಕೆಲಸ ಮಾಡಿ ನಿವೃತ್ತರಾದವರು. ಹೋಗುವಾಗ ಬರುವಾಗ ಗೇಟಿನಲ್ಲಿ ಮೈ ತಡವಿಸಿಕೊಂಡೇ ಅವರ ಆಯುಷ್ಯ ಕಳೆದಿತ್ತು. ಇನ್ನೊಬ್ಬರ ಕಣ್ಣಿಗೆ ಬೀಳದೆ ಇರಬೇಕೆಂಬ ಆಸೆ ಮನುಷ್ಯರಿಗೆ ಇರುತ್ತದೆ ಎಂಬುದೇ ಅವರಿಗೆ ಮರೆತುಹೋಗಿತ್ತು.

ಬೀದರ ಕಡೆಯ ನಮ್ಮ ಮನೆಗಳಲ್ಲಿ ಮೈಮೇಲೆ ನೀರು ಬೀಳದೆ ಯಾರೂ ಇಷ್ಟಲಿಂಗವನ್ನು ಅಂಗೈಗೆ ತಗೊಳ್ಳುವುದಿಲ್ಲ. ಪೂಜೆಯಾಗದೆ ನಾನು ಚಹಾ ಕುಡಿದವಳಲ್ಲ. ಈಗ ನನ್ನ ಪೂಜೆ, ನನ್ನ ಚಹಾ ಎಲ್ಲವೂ ಮಗಳ ಬಸ್ಸಿನ ವೇಳೆಗೆ ಜೋತುಬಿದ್ದಿದ್ದವು. ನನಗೆ ಬೇಕಾಗಿದ್ದು ಒಂದೇ. ಬಾಗಿಲು ಹಾಕಿಕೊಂಡು, ಒಬ್ಬಳೇ ಕುಳಿತು, ನನ್ನ ಕೈಯಾರೆ ಮೈ ತೊಳೆದುಕೊಳ್ಳಬೇಕು. ಇದನ್ನು ನಾನು ಒಗಟಿನಂತೆ ಹೇಳಲಿಲ್ಲ, ಸ್ಪಷ್ಟವಾಗಿ ಕನ್ನಡದಲ್ಲಿ ಹೇಳಿದೆ. ಕೇಳಿಸಿಕೊಂಡವರಿಗೆ ಮಾತ್ರ "ಟಬ್ಬು ಬೇಕು" ಎಂದು ಕೇಳಿಸಿತು.

ಟಬ್ಬಿನ ಹುಳ ಬಿಟ್ಟವನು ನನ್ನ ತಮ್ಮ. ಸಂಭಾಜಿನಗರದ ಗುಲ್‌ಮಂಡಿಯಲ್ಲಿ ಅವನದು ಬಟ್ಟೆ ಅಂಗಡಿ. ವೇರೂಳಿನ ಗುಹೆ-ಗುಡಿಗಳ ರಸ್ತೆಯ ಹೋಟೆಲುಗಳಿಗೆ ಟವೆಲ್ಲು, ಚಾದರು ಪೂರೈಸುತ್ತಾನೆ. ಗುಹೆ ನೋಡಲು ಬಂದವರು ಮೈ ಒರೆಸಿಕೊಳ್ಳುವ ಟವೆಲ್ಲು ತನ್ನದೆಂಬ ಕಾರಣಕ್ಕೆ ಲೋಕದ ಸಮಸ್ತ ಬಚ್ಚಲುಗಳ ವಿಷಯದಲ್ಲೂ ತಾನೇ ಪಂಡಿತನೆಂದು ಅವನು ತಿಳಿದಿದ್ದ. ಫೋನಿನಲ್ಲಿ ನನ್ನ ದುಃಖ ಕೇಳಿ, "ಅಕ್ಕಾ, ಈಗ ಕಾಲು ಇಲ್ಲದವರ ಸಲುವಾಗಿನಽ ಟಬ್ ಬಂದಾವ. ಬಾಗಿಲಾ ಇರ್ತದ ಅದಕ. ತೆರದು ಒಳಗ ಹೋಗೋದು, ಕೂಡೋದು, ಮುಗೀತು," ಎಂದ.

"ನನಗ ಕಾಲು ಅದಾವ. ನಡೀಲಿಕ್ಕ ಬರಂಗಿಲ್ಲ ಅಷ್ಟ," ಎಂದೆ.

"ಅದಽ ಅದಽ. ಪಂಚಮಿಗಿ ನಾನಽ ಕೊಡಸ್ತೀನಿ."

ಅಲ್ಲಿಗೆ ನನ್ನ ಬಾಯಿ ಕಟ್ಟಿತು. ನಾಗರಪಂಚಮಿಗೆ ತವರಿನಿಂದ ಬಂದದ್ದನ್ನು ನಮ್ಮ ಕಡೆಯ ಹೆಣ್ಣುಮಕ್ಕಳು ಬೇಡವೆನ್ನುವುದಿಲ್ಲ. ಸೀರೆಯ ಬಣ್ಣ ಹಿಡಿಸದಿದ್ದರೂ ಉಡುತ್ತೇವೆ, ಬಳೆ ಬಿಗಿಯಾದರೂ ಏರಿಸುತ್ತೇವೆ. ಬೇಡವೆಂದರೆ ತವರನ್ನೇ ಬೇಡವೆಂದ ಹಾಗೆ. ಸೀರೆಗೆ ಮಾಡಿದ ಪದ್ಧತಿ ಟಬ್ಬಿಗೂ ಬಂದು ತಗಲಿಕೊಳ್ಳುತ್ತದೆಂದು ನಮ್ಮ ಹಿರಿಯರಿಗೆ ಹೊಳೆದಿರಲಿಕ್ಕಿಲ್ಲ.

ಟಬ್ಬು ಆರಿಸಲು ನಾನು, ಯಜಮಾನರು, ಮಗಳು ಸಂಭಾಜಿನಗರಕ್ಕೆ ಹೋದೆವು. ತಮ್ಮ ಅಂಗಡಿಯ ಮುಂದೆ ಕಾದು ನಿಂತಿದ್ದ. ಅಂಗವಿಕಲರಿಗಾಗಿಯೇ ವಿಶೇಷ ಸ್ನಾನಗೃಹ ಸಾಮಗ್ರಿ ಎಂದು ದೊಡ್ಡ ಅಕ್ಷರದಲ್ಲಿ ಬರೆದುಕೊಂಡಿದ್ದ ಶೋರೂಮು. ಫಲಕದಲ್ಲಿ ಗಾಲಿಕುರ್ಚಿಯ ಚಿತ್ರವೂ ಇತ್ತು. ಫಲಕದ ಕೆಳಗೆ ನುಣ್ಣನೆಯ ಗ್ರಾನೈಟಿನ ಮೆಟ್ಟಿಲುಗಳು. ಬೆಟ್ಟವನ್ನೇ ಮೇಲಿನಿಂದ ಕೆಳಗೆ ಕಡಿದು ಗುಡಿ ಮಾಡಿದ ಸೀಮೆಯಿದು. ಅಂಗಡಿಯ ಮುಂದೆ ಒಂದು ಮೊಳ ಇಳಿಜಾರು ಹಾಕಲು ಇವರ ಕೈಲಾಗಿರಲಿಲ್ಲ. ತಮ್ಮ, ಯಜಮಾನರು, ಶೋರೂಮಿನ ವಾಚ್‌ಮನ್, ದಾರಿಯಲ್ಲಿ ಹೋಗುತ್ತಿದ್ದ ಯಾರೋ ಪುಣ್ಯಾತ್ಮ, ಎಲ್ಲರೂ ಸೇರಿ ನನ್ನನ್ನು ಕುರ್ಚಿಯ ಸಮೇತ ಎತ್ತಿ ಒಳಗಿಟ್ಟರು. ಗಣಪತಿ ಕೂರಿಸಲು ಇನ್ನೂ ದಿನಗಳಿದ್ದವು, ಆದರೂ ನನ್ನ ಪ್ರತಿಷ್ಠಾಪನೆ ಆಯಿತು.

ಸೇಲ್ಸ್‌ಮನ್ ಟೈ ಕಟ್ಟಿದ್ದ. ನನ್ನ ತಲೆಯ ಮೇಲಿಂದ ಯಜಮಾನರತ್ತ ನೋಡಿ, "ಪೇಷಂಟ್ ಕಾ ವಜನ್ ಕಿತನಾ ಹೈ, ಸರ್?" ಎಂದು ಕೇಳಿದ.

ನಾನು ಆಯುಷ್ಯವೆಲ್ಲ ಶಾಲೆಯಲ್ಲಿ ಹಿಂದಿ ಕಲಿಸಿದವಳು. ಪೇಷಂಟಿಗೆ ಕಿವಿ ಕೇಳಿಸುತ್ತದೆ, ಬಾಯಿಯೂ ಬರುತ್ತದೆ, ನನ್ನನ್ನೇ ಕೇಳು ಎಂದು ಅವನಿಗೆ ಶುದ್ಧ ಹಿಂದಿಯಲ್ಲಿ ಹೇಳಿದೆ. ಅವನು "ಸಾರಿ ಮ್ಯಾಡಮ್" ಎಂದು ನನ್ನತ್ತ ಬಾಗಿದ. ಮತ್ತೆ ಯಜಮಾನರತ್ತ ತಿರುಗಿ, "ಮ್ಯಾಡಮ್ ಕಾ ವಜನ್ ಕಿತನಾ ಹೈ, ಸರ್?" ಎಂದ. ಯಜಮಾನರು ಅಂದಾಜಿನ ಮೇಲೆ ಏನೋ ಒಂದು ತೂಕ ಹೇಳಿದರು. ಅದೂ ತಪ್ಪು, ಹೆಚ್ಚೇ ಹೇಳಿದರು.

ಬಾಗಿಲಿರುವ ಟಬ್ಬು ಕುರ್ಚಿಯಲ್ಲಿ ಕುಳಿತ ನನ್ನ ಎದೆಯಷ್ಟು ಎತ್ತರವಿದ್ದ ಬಿಳಿಯ ಡಬ್ಬಿ. ಒಳಗೊಂದು ಪೀಠ, ಪಕ್ಕದಲ್ಲಿ ರಬ್ಬರು ಅಂಚಿನ ಬಾಗಿಲು. ಬೆನ್ನಿಗೆ ಗುಳ್ಳೆ ಬಿಡುವ ಮೋಟಾರು ಬೇರೆ. ಮೊದಲು ಸೇಲ್ಸ್‌ಮನ್ ಬೂಟಿನ ಸಮೇತ ಒಳಗೆ ಕುಳಿತು ತೋರಿಸಿದ. ಆಮೇಲೆ ನನ್ನ ತಮ್ಮ ಚಪ್ಪಲಿ ಬಿಟ್ಟು ಕುಳಿತ. "ವ್ಹಾ ಮಾಮಾ, ರಾಜಾನ ಗದ್ದಿಗಿ ಆಗ್ಯಾದ. ನೀವು ಒಮ್ಮಿ ಕೂತು ನೋಡ್ರಿ," ಎಂದು ಯಜಮಾನರನ್ನೂ ಕೂರಿಸಿದ. ಅವರು ಒಳಗಿನಿಂದ ಬಾಗಿಲು ಹಾಕಿದರು, ತೆಗೆದರು, ಮತ್ತೆ ಹಾಕಿದರು. ಅದರ ಹಿಡಿಕೆಯನ್ನು ತಿರುಗಿಸಿ ತಿರುಗಿಸಿ ಮೆಚ್ಚಿದರು. ಕಾಲು ನೆಟ್ಟಗಿದ್ದ ಮೂವರು ಗಂಡಸರು ಸರದಿಯ ಮೇಲೆ ಅದರಲ್ಲಿ ಕುಳಿತು, ನನಗೆ ಇದು ಬಹಳ ಅನುಕೂಲವೆಂದು ತೀರ್ಮಾನಿಸಿದರು. ನನ್ನನ್ನು ಕೂರಿಸಿ ನೋಡಬೇಕೆಂದು ಒಬ್ಬನಿಗೂ ತೋಚಲಿಲ್ಲ.

ನಾನು ಪ್ರಶ್ನೆ ಕೇಳಿದೆ. ನೀರು ಯಾವಾಗ ಬಿಡಬೇಕು? ಒಳಗೆ ಕುಳಿತು ಬಾಗಿಲು ಹಾಕಿದ ಮೇಲೆ. ತುಂಬುವ ತನಕ? ಕಾಯಬೇಕು. ಮುಗಿದ ಮೇಲೆ? ನೀರೆಲ್ಲ ಇಳಿದುಹೋಗುವ ತನಕ ಬಾಗಿಲು ತೆಗೆಯುವಂತಿಲ್ಲ, ಅಲ್ಲಿಯವರೆಗೂ ಕಾಯಬೇಕು. "ಆಪ್ ರಿಲ್ಯಾಕ್ಸ್ ಕರ್ ಸಕತೀ ಹೈಂ, ಮ್ಯಾಡಮ್," ಎಂದು ಸೇಲ್ಸ್‌ಮನ್ ಹಲ್ಲು ಕಿರಿದ. ಮೊದಲು ಒಣ ಡಬ್ಬಿಯಲ್ಲಿ ಬೆತ್ತಲೆ ಕುಳಿತು ರಿಲ್ಯಾಕ್ಸು, ಆಮೇಲೆ ಒದ್ದೆ ಡಬ್ಬಿಯಲ್ಲಿ ನಡುಗುತ್ತ ಕುಳಿತು ರಿಲ್ಯಾಕ್ಸು. ಹೊರಗೆ ಚಿಲಕವಿಲ್ಲದ ಬಾಗಿಲು. ಇದನ್ನು ಯೋಚಿಸಿ ಮಾಡಿದವನು ಜನ್ಮದಲ್ಲಿ ಒಮ್ಮೆಯೂ ಇನ್ನೊಬ್ಬರ ಕೈಯಲ್ಲಿ ಸ್ನಾನ ಮಾಡಿಸಿಕೊಂಡವನಲ್ಲ.

ಅಲ್ಲೇ ಮೂಲೆಯಲ್ಲಿ, ರಟ್ಟಿನ ಡಬ್ಬಗಳ ಹಿಂದೆ, ಒಂದು ಕುರ್ಚಿ ಕಂಡಿತು. ಗಾಲಿಕುರ್ಚಿಯೇ, ಆದರೆ ಬಟ್ಟೆಯ ಬದಲು ನಡುವೆ ತೂತಿದ್ದ ಪ್ಲಾಸ್ಟಿಕ್ ಆಸನ, ಪ್ಲಾಸ್ಟಿಕ್ ಬೆನ್ನು. ಕೈಯಿಂದ ತಿರುಗಿಸುವ ದೊಡ್ಡ ಗಾಲಿ, ಕೈಗೆ ಸಿಗುವ ಬ್ರೇಕು. ಅದರ ಮೇಲೆ ಕುಳಿತೇ ಮೈಮೇಲೆ ನೀರು ಸುರಿದುಕೊಳ್ಳಬಹುದು, ಯಾರೂ ಎತ್ತಬೇಕಿಲ್ಲ, ಹಿಡಿಯಬೇಕಿಲ್ಲ. ನೋಡಿದ ಕೂಡಲೇ ನನಗೆ ಬೇಕಾದದ್ದು ಇದೇ ಎಂದು ಗೊತ್ತಾಯಿತು. ಅದನ್ನು ತೋರಿಸು ಎಂದೆ.

"ಓ ತೋ ಹಾಸ್ಪಿಟಲ್ ಐಟಂ ಹೈ, ಮ್ಯಾಡಮ್," ಎಂದು ಸೇಲ್ಸ್‌ಮನ್ ಮೂಗು ಮುರಿದ.

"ಅದನ್ ಮನ್ಯಾಗ ಇಟ್ರ ದವಾಖಾನಿ ಕಂಡಂಗ ಕಾಣ್ತದ," ಎಂದರು ಯಜಮಾನರು.

"ಅಕ್ಕಾ, ತವರಮನಿಯವ್ರು ಪಂಚಮಿಗಿ ಇಂಥಾ ತೂತಿನ ಕುರ್ಚಿ ಕೊಟ್ರು ಅಂದ್ರ ಮಂದಿ ಏನಂತಾರ? ನೀ ಸುಮ್ ಕೂಡು," ಎಂದ ತಮ್ಮ.

ನಾನು ಕೂತೇ ಇದ್ದೆ. ಬೇರೇನು ಮಾಡಲಿ? ಮಗಳ ಕಡೆ ನೋಡಿದೆ. ಅವಳು ಒಂದು ನಲ್ಲಿಯ ಫೋಟೋ ತೆಗೆಯುತ್ತಿದ್ದಳು. ಟಬ್ಬು ನಿಶ್ಚಯವಾಯಿತು. ಬಣ್ಣ ಬಿಳಿಯೋ ಕೆನೆಯೋ ಎಂಬುದೊಂದನ್ನು ಮಾತ್ರ ನನ್ನನ್ನು ಕೇಳಿದರು.

ಪಂಚಮಿಯ ಮುಂಚಿನ ದಿನ ಟೆಂಪೋದಲ್ಲಿ ಟಬ್ಬು ಬಂತು. ಹಿಂದೆಯೇ ಉಂಡಿಯ ಡಬ್ಬಿ ಹಿಡಿದು ತಮ್ಮನೂ ಬಂದ. ಅಕ್ಕಪಕ್ಕದವರೆಲ್ಲ ನೋಡಲು ನೆರೆದರು. ಹಳೆಯ ಬಚ್ಚಲ ಕಟ್ಟೆ ಒಡೆಸಿ ಜಾಗ ಮಾಡಿದ್ದರು. ಕಂಪನಿಯ ಫಿಟ್ಟರು ಟಬ್ಬನ್ನು ಕೂರಿಸಲು ಹೊರಟಾಗ ತಮ್ಮ ಕೈ ಅಡ್ಡ ಹಿಡಿದ.

"ಹಿಂಗ ಇಟ್ರ ಅಕ್ಕನ ಮುಖಾ ತೆಂಕಣಕ್ಕ ಆಗ್ತದ. ಮೂಡಕ್ಕ ಮುಖಾ ಮಾಡಿ ಜಳಕಾ ಮಾಡಬೇಕು. ನಮ್ಮ ಮನಿ ಬಚ್ಚಲ ಕಲ್ಲು ಯಾ ಕಡಿಗಿ ಇತ್ತು, ನೆನಪಿಲ್ಲೇನು?"

ಯಜಮಾನರೂ ಹೌದೆಂದು ತಲೆಯಾಡಿಸಿದರು. "ಜೈಸಾ ಬೋಲೋಗೆ, ಸಾಹೇಬ್," ಎಂದು ಫಿಟ್ಟರು ಟಬ್ಬನ್ನು ತಿರುಗಿಸಿದ. ನನ್ನ ಮುಖ ಮೂಡಣಕ್ಕೆ ಬಂತು, ಟಬ್ಬಿನ ಬಾಗಿಲು ಗೋಡೆಯ ಕಡೆಗೆ ಹೋಯಿತು. ಗೋಡೆಗೂ ಟಬ್ಬಿನ ಬಾಗಿಲಿಗೂ ನಡುವೆ ತೆಳ್ಳಗಿನ ಮನುಷ್ಯ ಅಡ್ಡಡ್ಡ ನುಸುಳುವಷ್ಟು ಸಂದಿ. ಗಾಲಿಕುರ್ಚಿ ಅಲ್ಲಿಗೆ ಹೋಗುವ ಮಾತೇ ಇಲ್ಲ. ಬಚ್ಚಲಿನ ಒಳಗೆ ಬಂದರೆ ಎದುರಿಗೆ ಸಿಗುವುದು ಟಬ್ಬಿನ ಬಾಗಿಲಿಲ್ಲದ ಬೆನ್ನು.

"ನಾ ಹ್ಯಾಂಗ ಹೋಗ್ಲಿ ಒಳಗ?" ಎಂದೆ.

"ಎತ್ತಿ ಕೂಡಿಸಿದ್ರ ಆತು, ಅದಕ್ಕೇನು," ಎಂದ ತಮ್ಮ.

ಎತ್ತುವುದನ್ನು ತಪ್ಪಿಸಲು ತಂದ ಟಬ್ಬಿನೊಳಕ್ಕೆ ನನ್ನನ್ನು ಎತ್ತಿ ಕೂರಿಸಬೇಕಾಯಿತು. ಮೊದಲು ಮಗಳೊಬ್ಬಳೇ ಸಾಕಾಗುತ್ತಿದ್ದಳು. ಇಷ್ಟು ಎತ್ತರದ ಗೋಡೆ ದಾಟಿಸಲು ಯಜಮಾನರೂ ಬೇಕಾದರು. ಪಂಚಮಿಯ ಬೆಳಿಗ್ಗೆ ಟಬ್ಬಿಗೆ ಕುಂಕುಮ ಹಚ್ಚಿ, ಕಾಯಿ ಒಡೆದು, ಅಪ್ಪ ಮಗಳು ಸೇರಿ ನನ್ನನ್ನು ಅದರೊಳಗೆ ಇಳಿಸಿದರು. ನೈಟಿ ತೊಟ್ಟೇ ಇಳಿದೆ, ಯಾಕೆಂದರೆ ಬಾಗಿಲ ಹೊರಗೆ ತಮ್ಮ ನಿಂತು, "ಹ್ಯಾಂಗ ಅನಸ್ತದ ಅಕ್ಕಾ?" ಎಂದು ಕೂಗುತ್ತಿದ್ದ. ಗೀಸರಿನ ಬಿಸಿನೀರು ಪಾದ ಮುಳುಗುವಷ್ಟು ಬಂದು ಮುಗಿಯಿತು. ಉಳಿದದ್ದು ಶ್ರಾವಣದ ತಣ್ಣೀರು. ತುಂಬುವಷ್ಟರಲ್ಲಿ ನನ್ನ ತುಟಿ ನೀಲಿಗಟ್ಟಿತ್ತು. ಗುಳ್ಳೆಯ ಮೋಟಾರು ಹಾಕಿದರು. ಅದು ಬುಳುಬುಳು ಎಂದಿತು. ತಮ್ಮ ಹೊರಗಿನಿಂದಲೇ ಚಪ್ಪಾಳೆ ತಟ್ಟಿದ.

ಎಲ್ಲ ಮುಗಿಯಿತೆಂದು ಮಗಳು ಟವೆಲ್ಲು ಚಾಚಿದಳು. ಮುಗಿದದ್ದೇನು? ನನ್ನದೇ ಸೋಪು, ನನ್ನದೇ ಕೊಳೆ ತೇಲುವ ನೀರಿನಲ್ಲಿ ನಾನು ಕುಳಿತಿದ್ದೆ. ಇದರಿಂದ ಎದ್ದು ಹೋಗಿ ಲಿಂಗ ಹಿಡಿಯಲೇ? ನಮ್ಮಲ್ಲಿ ಸ್ನಾನ ಅಂದರೆ ನೀರು ತಲೆಯ ಮೇಲಿಂದ ಬಿದ್ದು ಕಾಲ ಕೆಳಗಿನಿಂದ ಹರಿದುಹೋಗಬೇಕು. ನೆನೆಹಾಕುವುದು ಕಡಲೆಗೆ, ಮನುಷ್ಯರಿಗಲ್ಲ. ಕುಲವೆಲ್ಲ ಸೇರಿ ಮೂಡಣ ದಿಕ್ಕನ್ನು ನೆನಪಿಟ್ಟುಕೊಂಡಿತ್ತು, ಇದೊಂದನ್ನು ಮರೆತಿತ್ತು.

"ತಂಬಿಗಿ ತಾ," ಎಂದೆ. ಮಗಳು ಬಕೆಟ್ಟಿನಲ್ಲಿ ಬೇರೆ ನೀರು ತಂದು ತಲೆಯ ಮೇಲೆ ಸುರಿದಳು. ಆ ನೀರೂ ಟಬ್ಬಿಗೇ ಬಿದ್ದು ಕೊಳೆ ನೀರಿನಲ್ಲಿ ಬೆರೆಯಿತು. ಎಲ್ಲ ಇಳಿದುಹೋಗುವ ತನಕ ಕಾದು, ಮತ್ತೆ ನೀರು ಹಾಕಿಸಿಕೊಂಡು, ಮತ್ತೆ ಕಾದು ಹೊರಗೆ ಬರುವಷ್ಟರಲ್ಲಿ ತಮ್ಮ ಊಟಕ್ಕೆ ಕುಳಿತಾಗಿತ್ತು. "ಐಶ್ ಮಾಡ್ತೀ ಅಕ್ಕಾ, ಹೊರಗ ಬರವಲ್ಲೀ," ಎಂದು ಉಂಡಿ ಕಚ್ಚುತ್ತ ನಕ್ಕ. ಆ ಹೊತ್ತಿಗೆ ಅವನ ತಲೆಯ ಮೇಲೆ ತಂಬಿಗೆ ಬೀಸಿ ಒಗೆಯುವಷ್ಟು ಸಿಟ್ಟಿತ್ತು ನನ್ನಲ್ಲಿ. ತಂಬಿಗೆ ಬಚ್ಚಲಲ್ಲೇ ಉಳಿದದ್ದರಿಂದ ಅವನು ಬದುಕಿದ.

ಆಮೇಲೆ ಒಂದು ವಾರ ಈ ನಾಟಕ ನಡೆಯಿತು. ಯಜಮಾನರ ಸೊಂಟ ಹಿಡಿಯಿತು. ಹಳೆಯ ಸ್ಟೂಲು, ಹಳೆಯ ಬಕೆಟ್ಟು ತಿರುಗಿ ಬಂದವು. ಮೊದಲಿದ್ದ ಜಾಗದಲ್ಲಿ ಅರ್ಧವನ್ನು ಟಬ್ಬು ನುಂಗಿತ್ತು, ಮಗಳು ಈಗ ನನ್ನನ್ನು ಮೂಲೆಗೆ ಒತ್ತಿ ಸ್ನಾನ ಮಾಡಿಸಬೇಕಾಗಿತ್ತು. ಟಬ್ಬಿನ ಅಂಚು ಒಗೆದ ಬಟ್ಟೆ ಹಾಕಲು ಬಳಕೆಯಾಯಿತು. ತಮ್ಮ ಫೋನು ಮಾಡಿದಾಗಲೆಲ್ಲ ಯಜಮಾನರು, "ಮಸ್ತ್ ಅದ ಟಬ್, ಮಸ್ತ್ ಅದ," ಎನ್ನುತ್ತಿದ್ದರು. ಚಿಲಕವನ್ನಾದರೂ ತಿರುಗಿ ಹಚ್ಚಿಸಿರಿ ಎಂದು ನಾನು ಕೇಳಿದೆ. ಅಷ್ಟು ದೊಡ್ಡ ಟಬ್ಬು ಬಂದ ಮೇಲೂ ನಿನ್ನ ಚಿಲಕದ ಹುಚ್ಚು ಹೋಗಲಿಲ್ಲವಲ್ಲ ಎಂದು ಗದರಿದರು.

ಬೇಸಿಗೆ ಬಂತು. ಮುನ್ಸಿಪಾಲ್ಟಿಯ ನೀರು ದಿನ ಬಿಟ್ಟು ದಿನವಾಯಿತು. ಆಗ ಯಜಮಾನರಿಗೆ ಒಂದು ವಿಚಾರ ಹೊಳೆಯಿತು. ಇಷ್ಟು ದೊಡ್ಡ ಡಬ್ಬಿ ಖಾಲಿ ಯಾಕಿರಬೇಕು? ನೀರು ಬಂದ ದಿನ ಟಬ್ಬನ್ನು ಕಂಠಮಟ ತುಂಬಿಸಿ ಇಡತೊಡಗಿದರು. ಒಂದು ಹನಿಯೂ ಸೋರಲಿಲ್ಲ, ಆ ರಬ್ಬರಿನ ಬಾಗಿಲಿನ ಗುಣವೇ ಗುಣ. ಅಂಗವಿಕಲರಿಗಾಗಿ ವಿಶೇಷವಾಗಿ ತಯಾರಿಸಿದ ಟಬ್ಬು ಕೊನೆಗೆ ನಮ್ಮ ಮನೆಯ ನೀರಿನ ತೊಟ್ಟಿಯಾಯಿತು. ಸಿಟ್ಟು ಬರಬೇಕಾಗಿತ್ತು. ನನಗೆ ಬೇರೊಂದು ಕಂಡಿತು. ಊರಿನ ಬಚ್ಚಲಲ್ಲಿ ಕೂತವರ ಕೈಗೆ ಸಿಗುವಂತೆ ತುಂಬಿ ನಿಂತ ಹಂಡೆ ಇರುತ್ತಿತ್ತು. ಇದೂ ತುಂಬಿ ನಿಂತ ಹಂಡೆಯೇ, ಬಿಳಿಯದು ಅಷ್ಟೇ. ಇದಕ್ಕೆ ಬಾಗಿಲು ಯಾವ ಕಡೆಗಾದರೂ ಇರಲಿ, ನನಗೆ ಅದರ ಒಳಗೆ ಹೋಗುವ ಕೆಲಸವೇ ಇರಲಿಲ್ಲ.

ಮಗಳನ್ನು ಕರೆದೆ. ಶೋರೂಮಿನ ಮೂಲೆಯಲ್ಲಿ ನೋಡಿದ ಆ ಪ್ಲಾಸ್ಟಿಕ್ ಕುರ್ಚಿಯನ್ನು ನಿನ್ನ ಮೊಬೈಲಿನಲ್ಲಿ ಹುಡುಕಿ ತರಿಸು ಎಂದೆ.

"ಪಪ್ಪಾ ಚಿಡ್‌ತಾರ ನಾ, ಮಮ್ಮಿ," ಎಂದಳು. ಸಿಟ್ಟಾದರೆ ಆಗಲಿ ಎಂದೆ. ಅವಳು ನನ್ನ ಮುಖ ನೋಡಿದಳು. ಇಯರ್‌ಫೋನು ತೆಗೆದಿಟ್ಟಳು. "ಮಮ್ಮಿ, ನಾ ಜಳಕಾ ಮಾಡಸೋದು ತುಲಾ… ನಿಂಗ ಆವಡಂಗಿಲ್ಲ?" ಎಂದು ಅರ್ಧ ಮರಾಠಿಯಲ್ಲಿ ತಡವರಿಸಿದಳು. ಹಿಡಿಸುವುದಿಲ್ಲ ಎಂದೆ. ಅವಳಿಗೆ ನೋವಾಯಿತು, ಕಣ್ಣಲ್ಲಿ ಕಂಡಿತು. ಆದರೂ ನಾನು ಹೇಳಿದ್ದನ್ನು ಹೇಳಿದ ಹಾಗೆಯೇ ಕೇಳಿಸಿಕೊಂಡವಳು ಆ ಮನೆಯಲ್ಲಿ ಅವಳೊಬ್ಬಳೇ. ಕುರ್ಚಿ ಬಂತು, ಅದನ್ನು ನನ್ನ ಮಂಚದ ಆಚೆ ಬದಿಗೆ ಚಾದರು ಮುಚ್ಚಿ ಇಟ್ಟಳು.

ಒಂದು ಬೆಳಿಗ್ಗೆ, ಬೇಗ ಹೋಗಬೇಕೆಂದಿದ್ದ ಮಗಳನ್ನು ಸ್ನಾನ ಆಮೇಲೆ ನೋಡೋಣವೆಂದು ಕಳಿಸಿಬಿಟ್ಟೆ. ಯಜಮಾನರು ಹಾಲು ತರಲು ಹೋದರು. ನಾನು ಆ ಕುರ್ಚಿಗೆ ಜರುಗಿ, ಬಚ್ಚಲಿನೊಳಕ್ಕೆ ಗಾಲಿ ತಿರುಗಿಸಿದೆ. ವಾಶ್‌ಬೇಸಿನ್ನಿನ ಕಡೆ ಸರಿದು, ಒಳಕ್ಕೆ ತೆರೆದಿದ್ದ ಬಾಗಿಲನ್ನು ದೂಡಿ ಮುಚ್ಚಿದೆ. ಆಮೇಲೆ ಹಿಂದಕ್ಕೆ ಬಂದು ಕುರ್ಚಿಯ ಬೆನ್ನನ್ನು ಬಾಗಿಲಿಗೆ ಒತ್ತಿ ನಿಲ್ಲಿಸಿ, ಎರಡೂ ಬ್ರೇಕು ಎಳೆದೆ. ಎದುರಿಗೇ ಟಬ್ಬಿನ ಬೆನ್ನು, ಅದರ ಅಂಚಿನವರೆಗೆ ನೀರು. ಮೂಡಣದ ಸಲುವಾಗಿ ಅವರು ಅದನ್ನು ತಿರುಗಿಸಿ ಇಡದಿದ್ದರೆ ಅದು ಆಚೆಯ ಗೋಡೆಗೇ ಅಂಟಿಕೊಂಡಿರುತ್ತಿತ್ತು, ಹೀಗೆ ನನ್ನ ಕೈಗೆ ಸಿಗುತ್ತಿರಲಿಲ್ಲ. ತಮ್ಮನಿಗೆ ಈ ಮಾತನ್ನು ನಾನು ಸತ್ತರೂ ಹೇಳುವವಳಲ್ಲ.

ತಂಬಿಗೆ ಅದ್ದಿದೆ. ಬೇಸಿಗೆಯ ನೀರು, ಹಿತವಾಗಿತ್ತು. ತಲೆಯ ಮೇಲಿಂದ ಸುರಿದುಕೊಂಡೆ. ಅದು ಮುಖ, ಎದೆ, ಹೊಟ್ಟೆಯ ಮೇಲಿಂದ ಇಳಿದು, ನನಗೆ ಗೊತ್ತಾಗದ ಕಾಲುಗಳ ಮೇಲೆ ಹರಿದು, ಮೋರಿಗೆ ಹೋಯಿತು. ಯಾರೂ ಅವಸರ ಮಾಡಲಿಲ್ಲ, ಯಾರೂ ನೋಡಲಿಲ್ಲ. ನನಗೆ ಅಳು ಬಂತು, ಅತ್ತೆ. ನೀರಿನಲ್ಲಿ ಅಳುವುದಕ್ಕೂ ಒಬ್ಬಳೇ ಇರಬೇಕು.

ಹಾಲಿನ ಚೀಲ ಅಡುಗೆಮನೆಯಲ್ಲಿ ಇಟ್ಟ ಸದ್ದು ಕೇಳಿತು. ನನ್ನ ಹೆಸರು ಹಿಡಿದು ಕೂಗಿದರು, ಕೋಣೆಗೆ ಹೋದರು, ಓಡಿ ಬಂದರು. ಬಾಗಿಲು ತಳ್ಳಿದರು. ಅದು ಕದಲಲಿಲ್ಲ.

"ಯಾರದಾರ ಒಳಗ?"

"ನಾ ಇದ್ದೀನಿ."

"ಮತ್ಯಾರದಾರ ಕೂಡ?"

"ಯಾರೂ ಇಲ್ಲ."

ಮತ್ತೆ ತಳ್ಳಿದರು. ಹೆಗಲು ಕೊಟ್ಟು ತಳ್ಳಿದರು. ಕುರ್ಚಿ ಗಟ್ಟಿಯಾಗಿ ನಿಂತಿತ್ತು. "ಯಾಕ ತೆರೀವಲ್ದು ಇದು? ಚಿಲಕಾ ನಾನಽ ತೆಗಿಸೀನಲ್ಲ!" ಎಂದು ಕೂಗಿದರು.

"ಹೌದ್ರಿ, ತೆಗಿಸೀರಿ. ಈಗ ಚಿಲಕದ ಜಾಗಾದಾಗ ನಾ ಕುಂತೀನಿ," ಎಂದೆ.

ಅವರು ಹೊರಗೆ ನಿಂತೇ ಇದ್ದರು. ನಾನು ಇನ್ನೊಂದು ತಂಬಿಗೆ ಎತ್ತಿ, ಸಾವಕಾಶವಾಗಿ, ತಲೆಯ ಮೇಲಿಂದ ಸುರಿದುಕೊಂಡೆ.